ಯಮನ ಲೆಕ್ಕ ತಪ್ಪಿತು, ಸೊಸೈಟಿಯದು ತಪ್ಪಲಿಲ್ಲ

ಸತ್ತು ಬದುಕಿದವರನ್ನು ಊರು ಕೇಳುವುದು ಒಂದೇ ಪ್ರಶ್ನೆ: ‘ಅಲ್ಲೇನಿತ್ತು?’ ವಾಪಸು ಬಂದ ಮರುದಿನ ಬೆಳಿಗ್ಗೆ ಇಲ್ಲೇನು ಕಾದಿತ್ತು ಎಂದು ಯಾರೂ ಕೇಳುವುದಿಲ್ಲ. ಅಜ್ಜಂಪುರ ಸೀಮೆಯ ಈರುಳ್ಳಿ ಹೊಲದಿಂದ ಬೆಂಗಳೂರಿನ ನಿಮ್ಹಾನ್ಸ್ ತನಕ, ಹೋದ ಜೀವ ಬಂದ ಮೇಲಿನ ಕಥೆ.

ಮಹಾಲಯ ಅಮಾವಾಸ್ಯೆಯ ಸಂಜೆ. ನಡುಮನೆಯ ಗೋಡೆ ಬದಿಗೆ ಕಳಶ, ಅದರ ಮೇಲೆ ಮಡಿಚಿಟ್ಟ ಹೊಸ ಪಂಚೆ, ಸೀರೆ. ಮುಂದೆ ಸಾಲಾಗಿ ಬಾಳೆಎಲೆ. ಅಜ್ಜನ ಎಲೆಯ ಪಕ್ಕ ಬೀಡಿ ಕಟ್ಟು, ಬೆಂಕಿಪೊಟ್ಟಣ. ಅಜ್ಜಿಯ ಎಲೆಗೆ ಅಡಿಕೆ, ಕಡ್ಡಿಪುಡಿ. ಚಿಕ್ಕ ವಯಸ್ಸಿಗೇ ಹೋದ ಚಿಕ್ಕಪ್ಪನಿಗೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಒಂದು ಕ್ವಾರ್ಟರ್. ಲೋಬಾನ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದೆವು. ಹಿರಿಯರು ಬಂದು ಉಂಡು ಹೋಗುವ ತನಕ ಒಳಗೆ ಇಣುಕುವಂತಿಲ್ಲ.

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಪ್ಪ ಪ್ರತಿ ವರ್ಷದ ಮಾತನ್ನೇ ಈ ವರ್ಷವೂ ಅಂದರು: ‘ನನಗೂ ಒಂದು ಎಲೆ ಹಾಕ್ರಪ್ಪಾ. ಪೂರ್ತಿ ಬ್ಯಾಡ. ಅರ್ಧ ಸತ್ತೋನಿಗೆ ಅರ್ಧ ಎಡೆ ಸಾಕು.’

ಹೆಂಗಸರು ‘ಬಿಡ್ತು ಅನ್ನಿ’ ಅಂದರು. ಗಂಡಸರು ನಕ್ಕರು. ದೊಡ್ಡಪ್ಪನ ಹಿರಿಮಗ ಮಾತ್ರ ಎದ್ದು, ದನ ಕಟ್ಟಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಹಿತ್ತಲಿಗೆ ಹೋದ. ಪ್ರತಿ ವರ್ಷವೂ ಅವನು ಹೀಗೇ ಏಳುತ್ತಾನೆ.

ನಾಲ್ಕು ವರ್ಷದ ಹಿಂದೆ, ಇದೇ ಈರುಳ್ಳಿ ಕಾಲದಲ್ಲಿ, ಕಿತ್ತು ರಾಶಿ ಹಾಕಿದ್ದ ಗಡ್ಡೆಯ ಕಾವಲಿಗೆಂದು ದೊಡ್ಡಪ್ಪ ಹೊಲದ ಗುಡಿಸಲಲ್ಲಿ ಮಲಗಿದ್ದರು. ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಕಂಬಳಿ. ಬೆಳಗಿನ ಜಾವ ಎದ್ದಾಗ ಹೊಟ್ಟೆ ಹಿಂಡುತ್ತಿತ್ತು. ರಾತ್ರಿ ತಿಂದ ಮೆಣಸಿನಕಾಯಿ ಬೋಂಡದ ಗ್ಯಾಸು ಅಂದುಕೊಂಡು ಸೋಡಾ ತರಿಸಿ ಕುಡಿದರು. ಗುಟುಕು ಇಳಿಯಲಿಲ್ಲ. ರೆಪ್ಪೆ ಜೋತು ಬಿತ್ತು. ‘ಅದ್ಯಾಕೆ ಕುಡಿದೋರ ಥರ ಮಾತಾಡ್ತೀರಿ?’ ಎಂದು ದೊಡ್ಡಮ್ಮ ಗದರಿಸಿದರಂತೆ. ಮೈಮೇಲೆ ಗಾಯವಿಲ್ಲ, ಬಾವಿಲ್ಲ, ನೋವಿಲ್ಲ. ಕಂಬಳಿ ಎತ್ತಿದಾಗ ಬಿಳಿ ಪಟ್ಟೆಯ ಸಣ್ಣ ಕರಿ ಹಾವು ಮಡಿಕೆಯಲ್ಲಿ ಸುತ್ತಿಕೊಂಡಿತ್ತು. ಕಟ್ಟು ಹಾವು.

ಮೊದಲು ಒಯ್ದ ಕಡೆ ತಲುಪುವಾಗ ಉಸಿರು ನಿಂತಂತೆಯೇ ಇತ್ತು. ಕಣ್ಣಿಗೆ ಟಾರ್ಚು ಬಿಟ್ಟು ನೋಡಿದವರು ತಲೆಯಾಡಿಸಿದರು. ಅಲ್ಲಿದ್ದ ಒಬ್ಬ ಸಿಸ್ಟರ್ ಮಾತ್ರ ‘ನಾಡಿ ಐತೆ’ ಎಂದು ಹಟ ಹಿಡಿದು, ಬಾಯಿಗೆ ಗಾಳಿಚೀಲ ಇಟ್ಟು, ಆಂಬ್ಯುಲೆನ್ಸ್ ಹತ್ತಿಯೇಬಿಟ್ಟರು. ತರೀಕೆರೆ ದಾಟಿ ಶಿವಮೊಗ್ಗ ಮುಟ್ಟುವ ತನಕ ಆ ಚೀಲವನ್ನು ಕೈಯಿಂದಲೇ ಒತ್ತಿದ್ದು. ಸಿಸ್ಟರ್ ಕೈ ಸೋತಾಗ ನಾನು, ನಾನು ಸೋತಾಗ ದೊಡ್ಡಪ್ಪನ ಕಿರಿಮಗ.

ಹನ್ನೊಂದು ದಿನ ವೆಂಟಿಲೇಟರ್. ಹನ್ನೆರಡನೆಯ ದಿನ ದೊಡ್ಡಪ್ಪ ಕಣ್ಣು ಬಿಟ್ಟರು.

> ಕಟ್ಟು ಹಾವಿನ ಮೋಸ
>
> ಇದು ರಾತ್ರಿ ತಿರುಗುವ ಹಾವು. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುವುದು ಹೆಚ್ಚು. ಹಲ್ಲಿನ ಗುರುತು ಕಾಣುವುದೇ ಕಷ್ಟ.
>
> ಇದರ ವಿಷ ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ನಡುದಾರಿಯಲ್ಲಿ ತಡೆಯುತ್ತದೆ. ರೆಪ್ಪೆ, ನಾಲಿಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯು ಒಂದೊಂದಾಗಿ ಸೋಲುತ್ತವೆ. ಕಣ್ಣಪಾಪೆ ಬೆಳಕಿಗೂ ಅಲುಗದಿರಬಹುದು. ನೋಡುವವರಿಗೆ ಹೆಣ, ಒಳಗೆ ಮಾತ್ರ ಎಚ್ಚರ ಉಳಿದಿರಬಹುದು. ಹಾವು ಕಡಿದವರನ್ನು ‘ಮಿದುಳು ಸತ್ತಿದೆ’ ಎಂದು ಅವಸರದಲ್ಲಿ ಕೈಬಿಡಬಾರದೆಂದು ವೈದ್ಯರಿಗೆ ಕಲಿಸುವುದು ಇದಕ್ಕೇ.
>
> ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಓಡಿಸದೆ, ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಮಂಚ, ಅಂಚು ಸಿಕ್ಕಿಸಿದ ಸೊಳ್ಳೆಪರದೆ: ಇವೆರಡೇ ಬಹಳ ಜನರನ್ನು ಉಳಿಸುತ್ತವೆ.
>
> 2000ದಿಂದ 2019ರವರೆಗಿನ ಲೆಕ್ಕದಂತೆ ಭಾರತದಲ್ಲಿ ಹಾವು ಕಡಿತಕ್ಕೆ ವರ್ಷಕ್ಕೆ ಸರಾಸರಿ 58 ಸಾವಿರ ಸಾವು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡುವುದನ್ನು ಕಡ್ಡಾಯ ಮಾಡಿತು.

ಮನೆಗೆ ಬಂದ ದಿನದಿಂದ ಜನ ಸಾಲುಗಟ್ಟಿದರು. ಶಿವನಿ ಕಡೆಯಿಂದ, ಬುಕ್ಕಾಂಬುಧಿ ಕಡೆಯಿಂದ, ಬೀರೂರಿನಿಂದ. ಹಣ್ಣು, ಬ್ರೆಡ್ಡು ತಂದರು. ಮೂಸಂಬಿ ಸುಲಿಯುತ್ತ ಎಲ್ಲರೂ ಕೇಳಿದ್ದು ಒಂದೇ: ‘ಅಲ್ಲೇನಿತ್ತು ಗೌಡ್ರೇ?’

ದೊಡ್ಡಪ್ಪನ ಉತ್ತರ ಬೆಳೆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವಾರ್ಡಿನಲ್ಲಿ, ಗಂಟಲಿನ ನಳಿಗೆ ತೆಗೆದ ಎರಡನೆಯ ದಿನ, ಸೀದುಹೋದ ದನಿಯಲ್ಲಿ ಅವರು ಹೇಳಿದ್ದು ಇಷ್ಟೇ: ‘ಕತ್ತಲು. ಮಾತು ಕೇಳ್ತಿತ್ತು.’ ಒಂದು ವರ್ಷ ಕಳೆಯುವುದರೊಳಗೆ ಇಬ್ಬರು ಆಳು ಬಂದು ಕೈ ಹಿಡಿದು ಕರೆದೊಯ್ದಿದ್ದರು. ಎರಡನೆಯ ವರ್ಷ ಒಂದು ಚಾವಡಿ, ದಪ್ಪ ಪುಸ್ತಕ, ಬೆರಳಿಟ್ಟು ಸಾಲು ಓದಿ ‘ಇವನಲ್ಲ ಕಣ್ರೋ, ಆ ಕಡೆ ಊರೋನು’ ಎಂದು ಬೈದ ಸಾಹೇಬ. ಈಗ ಕೋಣವೂ ಬಂದಿದೆ. ಆ ವಾರ ಸೀಮೆಯಲ್ಲಿ ಅದೇ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ದನ್ನು ಊರಿನವರು ಹುಡುಕಿಯೂ ಹುಡುಕಿದರು. ನಮ್ಮ ಕಡೆ ಒಂದೇ ಹೆಸರಿನವರಿಗೆ ಬರವೇ?

ಸುಳ್ಳು ಅನ್ನುತ್ತಿಲ್ಲ. ಇದೇ ಕಥೆಯನ್ನು ನಮ್ಮ ರಾಜ್ಯದ ಒಂದು ದೊಡ್ಡ ಸಂಸ್ಥೆ ಹಾಳೆಯ ಮೇಲೆ ಬರೆದಿಟ್ಟಿದೆ.

ನಿಮ್ಹಾನ್ಸ್‌ನ ಮನಃಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ, ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆ ಸೇರಿ 1986ರಲ್ಲಿ ಸಾವಿನಂಚಿನಿಂದ ಮರಳಿದ 16 ಭಾರತೀಯರ ಅನುಭವಗಳನ್ನು ಪ್ರಕಟಿಸಿದರು. ಉತ್ತರ ಭಾರತದವು. ಆಮೇಲೆ ಪಸ್ರೀಚಾ ನಮ್ಮದೇ ಚನ್ನಪಟ್ಟಣ ಸುತ್ತಿನ ಹಳ್ಳಿಗಳಲ್ಲಿ, ಸತ್ತು ಬದುಕಿದವರಿದ್ದಾರೆಯೇ ಎಂದು ಕ್ರಮಬದ್ಧವಾಗಿ ಸಮೀಕ್ಷೆ ಮಾಡಿ 1993ರಲ್ಲಿ ಬರೆದರು. ಗೊಂಬೆ ಊರಿನ ಆಸುಪಾಸಿನಲ್ಲಿ ಇಂಥ ಪ್ರಶ್ನೆ ಕೇಳುತ್ತ ತಿರುಗಿದ ವಿಜ್ಞಾನಿಯನ್ನು ನೆನೆದರೆ ನನಗೆ ಗೌರವದ ಜೊತೆ ಸಣ್ಣ ನಗುವೂ ಬರುತ್ತದೆ. ಎಷ್ಟು ಮನೆಯಲ್ಲಿ ಕಾಫಿ ಕುಡಿದಿರಬೇಕು!

ಆ 16 ಕಥೆಗಳಲ್ಲಿ ಮತ್ತೆ ಮತ್ತೆ ಬರುವುದು ದೂತರು, ಪುಸ್ತಕ ಹಿಡಿದ ಮನುಷ್ಯ, ಮತ್ತು ತಪ್ಪು. ತಪ್ಪು ವ್ಯಕ್ತಿಯನ್ನು ತಂದಿದ್ದಾರೆ, ವಾಪಸು ಕಳಿಸಿ. ಅಮೆರಿಕದವರ ಕಥೆಗಳಲ್ಲಿ ಈ ಗುಮಾಸ್ತಿಕೆ ಇಲ್ಲ. ಅಲ್ಲಿ ತೀರಿಹೋದ ಬಂಧುಗಳು ಎದುರಾಗಿ ‘ನಿನ್ನ ಕಾಲ ಇನ್ನೂ ಬಂದಿಲ್ಲ’ ಅನ್ನುತ್ತಾರೆ. ಅವರು ಚಾವಣಿಯಿಂದ ತಮ್ಮದೇ ದೇಹ ನೋಡುತ್ತಾರೆ. ಆ 16 ಭಾರತೀಯರು ಅದನ್ನು ಹೇಳಲಿಲ್ಲ.

ಅಂದರೆ ಅಲ್ಲಿನವರನ್ನು ಪ್ರೀತಿಯಿಂದ ಹಿಂದಕ್ಕೆ ಕಳಿಸುತ್ತಾರೆ, ನಮ್ಮವರನ್ನು ಕಚೇರಿ ತಪ್ಪಿನಿಂದ. ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಕೊಂಬು ತಿದ್ದಿಸಲು ತರೀಕೆರೆಗೆ ವರ್ಷಗಟ್ಟಲೆ ಅಲೆದು, ಈಚೆಗೆ ಅಜ್ಜಂಪುರವೇ ತಾಲ್ಲೂಕಾದ ಮೇಲೆ ಇಲ್ಲಿ ಅಲೆಯುತ್ತಿರುವ ನಮ್ಮ ಜನಕ್ಕೆ, ಯಮನ ಆಳುಗಳೂ ಹೆಸರು ತಪ್ಪು ಓದಿದರು ಎಂದರೆ ಆಶ್ಚರ್ಯವೇನೂ ಆಗುವುದಿಲ್ಲ. ಆಶ್ಚರ್ಯ ಅಂದರೆ, ಅಲ್ಲಿ ಅದನ್ನು ಅರ್ಧ ಗಂಟೆಯಲ್ಲಿ ಸರಿಪಡಿಸುತ್ತಾರಲ್ಲ ಎಂಬುದೇ.

> ಎಣಿಕೆಗೆ ಸಿಕ್ಕಷ್ಟು
>
> 1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಬರೆದ ಪುಸ್ತಕದಿಂದ ಈ ಅನುಭವಗಳ ಚರ್ಚೆ ಜಗತ್ತಿಗೆ ಹಬ್ಬಿತು. 1983ರಲ್ಲಿ ಬ್ರೂಸ್ ಗ್ರೇಸನ್ ಇವನ್ನು ಅಳೆಯಲು 16 ಪ್ರಶ್ನೆಗಳ ಅಳತೆಗೋಲು ಮಾಡಿದರು.
>
> 2001ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ನೆದರ್ಲೆಂಡ್ಸ್‌ನ ಪಿಮ್ ಫಾನ್ ಲೊಮೆಲ್ ತಂಡ, ಹೃದಯ ನಿಂತು ಮರಳಿದ 344 ಜನರನ್ನು ಮಾತಾಡಿಸಿತ್ತು. ಅನುಭವ ಹೇಳಿದವರು 62 ಮಂದಿ. ಉಳಿದವರಿಗೆ ಏನೂ ನೆನಪಿರಲಿಲ್ಲ.
>
> 2023ರಲ್ಲಿ ಪ್ರಕಟವಾದ ಸ್ಯಾಮ್ ಪಾರ್ನಿಯಾ ತಂಡದ ಅಧ್ಯಯನ: 25 ಆಸ್ಪತ್ರೆ, ಹೃದಯ ಸ್ತಂಭನವಾದ 567 ರೋಗಿಗಳು. ಬದುಕಿ ಮನೆಗೆ ಹೋದವರು 53. ಮಾತಿಗೆ ಸಿಕ್ಕವರು 28. ಅವರಲ್ಲಿ 11 ಮಂದಿಗೆ ಎಚ್ಚರವನ್ನು ಹೋಲುವ ನೆನಪುಗಳಿದ್ದವು.

ಸತ್ತವರು ಎದ್ದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. 2025ರ ಫೆಬ್ರುವರಿಯಲ್ಲಿ ಹಾವೇರಿ ಜಿಲ್ಲೆಯ ಬಂಕಾಪುರದ್ದು ನೆನಪಿರಬಹುದು. ಆಸ್ಪತ್ರೆಯಿಂದ ಊರಿಗೆ ಒಬ್ಬನ ‘ಶವ’ ತರುತ್ತಿದ್ದರು. ದಾರಿಯಲ್ಲಿ ಆತನ ಮೆಚ್ಚಿನ ಢಾಬಾ ಬಂದಾಗ ಹೆಂಡತಿ ಅಳುತ್ತಲೇ ಊಟಕ್ಕೆ ಕರೆದಳು, ಆತ ಉಸಿರೆಳೆದ. ರಾಜ್ಯವೆಲ್ಲ ಚಪ್ಪರಿಸಿ ಓದಿತು. ಮಾರನೆಯ ವಾರ ಆ ಮನೆಯ ಒಲೆ ಹೇಗೆ ಉರಿಯಿತೆಂದು ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಕಣಿವೆಗೆ ಉರುಳಿದಾಗ 158 ಜನ ಸತ್ತು 8 ಜನ ಉಳಿದರು. ಒಡೆದ ವಿಮಾನದ ಸೀಳಿನಿಂದ ಹೊರಬಿದ್ದವರ ಬಗ್ಗೆ ನಮಗೆ ಗೊತ್ತಿರುವುದು ಆ ಸೀಳಿನ ತನಕ ಮಾತ್ರ.

ದೊಡ್ಡಪ್ಪನ ಸೀಳಿನ ಈಚೆ ಏನಿತ್ತು ಎಂದು ನನಗೆ ಗೊತ್ತು.

ಮೊದಲನೆಯದು, ಈರುಳ್ಳಿ. ರಾಶಿ ಹಾಕಿದ್ದ ಗಡ್ಡೆಗೆ ಹಿಂದೆಯೇ ಮಳೆ ಹೊಡೆಯಿತು. ಮನೆಯವರೆಲ್ಲ ಶಿವಮೊಗ್ಗದಲ್ಲಿ. ಕೊಳೆತದ್ದು ಕೊಳೆತು, ಉಳಿದದ್ದನ್ನು ಚೀಲಕ್ಕೆ ತುಂಬಿ ಯಶವಂತಪುರಕ್ಕೆ ಕಳಿಸಿದರೆ ಬಂದದ್ದು ಲಾರಿ ಬಾಡಿಗೆ, ಹಮಾಲಿ ಕಳೆದು ಬೆರಳೆಣಿಕೆಯ ನೋಟು. ಎರಡನೆಯದು ಸೊಸೈಟಿ ಸಾಲ. ಯಮ ಒಂದು ಹೆಸರಿಗೆ ಇನ್ನೊಂದು ಓದಿರಬಹುದು. ಸೊಸೈಟಿ ಕಾರ್ಯದರ್ಶಿ ಸರ್ವೆ ನಂಬರಿನ ಸಮೇತ ಸರಿಯಾಗಿ ಓದಿ ನೋಟಿಸು ಕಳಿಸಿದ. ಮೂರನೆಯದು ಹಿರಿಮಗನ ಹೆಂಡತಿ, ನಮ್ಮ ಅತ್ತಿಗೆಯ ಓಲೆ, ಜುಮುಕಿ. ಅವು ಅಡವಿನ ಅಂಗಡಿಯಲ್ಲಿದ್ದವು.

‘ಹಾವು ಕಚ್ಚಿ ಸತ್ತ ರೈತನ ಮನೆಗೆ ಕೃಷಿ ಇಲಾಖೆಯಿಂದ ಎರಡು ಲಕ್ಷ ಕೊಡ್ತಾರಂತೆ’ ಎಂದು ಒಂದು ದಿನ ಪೇಪರು ಮಡಿಚಿಡುತ್ತ ದೊಡ್ಡಪ್ಪ ಅಂದರು. ‘ನಾನು ವಾಪಸು ಬಂದು ಮನೆಗೆ ಎರಡು ಲಕ್ಷ ಲುಕ್ಸಾನು ಮಾಡಿದೆ ನೋಡು.’ ಯಾರೂ ನಗಲಿಲ್ಲ.

ಆಮೇಲೆ ರಾತ್ರಿ. ನಲವತ್ತು ವರ್ಷ ಬಯಲಲ್ಲಿ ಮಲಗಿದ ಮನುಷ್ಯ ಈಗ ಟ್ಯೂಬ್‌ಲೈಟ್ ಆರಿಸಲು ಬಿಡುವುದಿಲ್ಲ. ಮಂಚದ ಕಾಲಿನ ಕೆಳಗೆ ಕೈಬ್ಯಾಟರಿ ಬಿಟ್ಟು ಮೂರು ಸಲ ನೋಡಬೇಕು. ಕಂಬಳಿಯನ್ನಂತೂ ಮುಟ್ಟುವುದೇ ಇಲ್ಲ, ಪುಷ್ಯದ ಚಳಿಯಲ್ಲೂ. ವಾರಗಟ್ಟಲೆ ಯಂತ್ರದ ಉಸಿರಿನಲ್ಲಿದ್ದು ಬಂದವರಿಗೆ ನಿಶ್ಶಕ್ತಿ, ಮರೆವು, ನಿದ್ದೆಗೇಡು, ಬೆಚ್ಚಿಬೀಳುವುದು ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೂ ಚಿಕಿತ್ಸೆಯಿದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮ ಹಳ್ಳಿಯಲ್ಲಿ ಅದಕ್ಕೆ ಇರುವ ಹೆಸರು ‘ಅಂಜಿಕೆ’, ಚಿಕಿತ್ಸೆ ತಾಯಿತ. ಅಂತರಘಟ್ಟೆ ದುರ್ಗಮ್ಮನಿಗೆ ಹರಕೆ ತೀರಿಸಿ ಬಂದ ವಾರ ಮಾತ್ರ ಚೆನ್ನಾಗಿ ನಿದ್ದೆ ಮಾಡಿದರು. ಅದನ್ನೂ ಇಲ್ಲಿ ಬರೆಯದಿದ್ದರೆ ತಪ್ಪಾದೀತು.

ಊರಿಗೂ ಒಂದು ಇರಿಸುಮುರಿಸು. ‘ಸತ್ತು ಬದುಕಿದೋರು’ ಎಂದು ಕೈಮುಗಿಯುವವರೇ ಬಿತ್ತನೆಯ ಮೊದಲ ಕೂರಿಗೆ ಹಿಡಿಯಲು ಅವರನ್ನು ಕರೆಯುವುದಿಲ್ಲ. ಮುಂಚೆ ಅದು ಅವರ ಕೈಯದೇ ಆಗಿತ್ತು.

ಅಜ್ಜಂಪುರದ ಸುತ್ತ ಅಮೃತಕ್ಕೇನೂ ಕೊರತೆಯಿಲ್ಲ. ಊರಿನಲ್ಲಿ ಅಮೃತಮಹಲ್ ದನಗಳ ಕಾವಲು, ತಳಿ ಕೇಂದ್ರ. ತರೀಕೆರೆ ಕಡೆ ಅಮೃತಾಪುರ, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದ ಕವಿ ಜನ್ನ. ಅದೇ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಪ್ಪಿಗೆ ರಾಜ, ಅವನ ತಾಯಿ ಇಬ್ಬರೂ ಸತ್ತು ನವಿಲಾಗಿ, ನಾಯಿಯಾಗಿ, ತಮ್ಮದೇ ಅರಮನೆಗೆ ಮರಳುತ್ತಾರೆ. ತಮ್ಮವರ ನಡುವೆಯೇ ಓಡಾಡಿ ಎಲ್ಲವನ್ನೂ ನೋಡುತ್ತಾರೆ. ವಿಷವಿಕ್ಕಿ ಅವರನ್ನು ಕೊಂದ ರಾಣಿಯ ಹೆಸರು ಅಮೃತಮತಿ. ಮರಳಿ ಬರುವುದು ವರವಲ್ಲ, ತನ್ನ ಮನೆಯನ್ನು ಹೊರಗಿನವನಾಗಿ ನೋಡುವ ಶಿಕ್ಷೆ ಎಂಬುದು ನಮ್ಮ ಸೀಮೆಯ ಗುಡಿಗೆ ಶಾಸನ ಬರೆದವನಿಗೆ ಎಂಟುನೂರು ವರ್ಷದ ಹಿಂದೆಯೇ ತಿಳಿದಿತ್ತು.

ಮರಳಿ ಬಾರದೆ ತಪ್ಪಿಸಿಕೊಂಡವರೂ ಇದ್ದಾರೆ. 1896ರ ಜುಲೈನಲ್ಲಿ ಮದುರೆಯ ಮನೆಯೊಂದರ ಮಹಡಿಯಲ್ಲಿ 16 ವರ್ಷದ ಹುಡುಗನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಹೆಣದಂತೆ ಸೆಟೆದು ಮಲಗಿ ಸಾವನ್ನೇ ನೋಡಿದ. ಎದ್ದವನು ಮತ್ತೆ ಶಾಲೆಗೇ ಹೋಗಬೇಕಾಯಿತು. ಆರು ವಾರ ಹೇಗೋ ತಳ್ಳಿದ. ಆಗಸ್ಟ್ 29ರಂದು, ಪಾಠ ಕಲಿಯದ ತಪ್ಪಿಗೆ ಇಂಗ್ಲಿಷ್ ವ್ಯಾಕರಣವನ್ನು ಮೂರು ಸಲ ನಕಲು ಮಾಡುತ್ತ ಕೂತಿದ್ದಾಗ ಪುಸ್ತಕ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದ. ಅಣ್ಣ ಬೈದ. ಅಣ್ಣನ ಕಾಲೇಜು ಫೀಸಿಗೆಂದು ಕೊಟ್ಟ 5 ರೂಪಾಯಿಯಲ್ಲಿ 3 ಇಟ್ಟುಕೊಂಡು ಹುಡುಗ ತಿರುವಣ್ಣಾಮಲೆಗೆ ಹೊರಟುಬಿಟ್ಟ. ರಮಣ ಮಹರ್ಷಿಗಳಿಗೂ ಸಾವು ಕಂಡು ಬಂದ ಮೇಲೆ ಎದುರಾದದ್ದು ಹೋಂವರ್ಕು. ಅವರಿಗೆ ಅರುಣಾಚಲವಿತ್ತು. ದೊಡ್ಡಪ್ಪನಿಗೆ ಇದ್ದದ್ದು ಮೂರೂವರೆ ಎಕರೆ ಮತ್ತು ಎರಡು ಕಂತು ಬಾಕಿ.

ಹೀಗೆ ಮರಳುವವರು ಇನ್ನು ಮುಂದೆ ಹೆಚ್ಚುತ್ತಾರೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದ ಮೇಲೆ ಅವರ ಹೆಸರಿನಲ್ಲಿ ಬಂದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡಿಸುತ್ತಾರೆ. ಮುಂಚೆ ದಾರಿಯಲ್ಲೇ ಹೋಗುತ್ತಿದ್ದವರು ಈಗ ಮನೆಗೆ ಬರುತ್ತಿದ್ದಾರೆ. ಬಾಗಿಲಿಂದ ಎಳೆದು ತರುವುದನ್ನು ಕಲಿತಿದ್ದೇವೆ, ತಂದವರನ್ನು ಎಲ್ಲಿ ಕೂರಿಸಬೇಕೆಂದು ಕಲಿತಿಲ್ಲ. ಡಚ್ಚರ ಆ ಅಧ್ಯಯನ ತನ್ನ ರೋಗಿಗಳನ್ನು ಎರಡು ವರ್ಷದ ಮೇಲೊಮ್ಮೆ, ಎಂಟು ವರ್ಷದ ಮೇಲೊಮ್ಮೆ ಮತ್ತೆ ಹುಡುಕಿಕೊಂಡು ಹೋಗಿ ಮಾತಾಡಿಸಿತ್ತು. ಅನುಭವ ಕಂಡವರಿಗೆ ಸಾವಿನ ಭಯ ಕಡಿಮೆಯಾಗಿತ್ತು. ಆದರೆ ಕಂಡದ್ದನ್ನು ಅರಗಿಸಿಕೊಳ್ಳಲು ವರ್ಷಗಳೇ ಹಿಡಿದಿದ್ದವು. ಆ ಸಂಶೋಧನೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಆ ಎಂಟನೆಯ ವರ್ಷದ ಭೇಟಿ.

ದೊಡ್ಡಪ್ಪನ ಕಥೆಯಲ್ಲಿ ಚಾವಡಿ ಬಂತು, ಕೋಣ ಬಂತು ಅಂದೆನಲ್ಲ. ಮೊದಲ ದಿನ ಹೇಳಿದ ಎರಡನೆಯ ವಾಕ್ಯವನ್ನು ಮಾತ್ರ ಅವರು ಬೆಳೆಸಲೂ ಇಲ್ಲ, ಮತ್ತೆ ಎತ್ತಲೂ ಇಲ್ಲ. ‘ಮಾತು ಕೇಳ್ತಿತ್ತು.’

ಅದರ ಅರ್ಥ ನನಗೆ ಹೊಳೆದದ್ದು ಕಟ್ಟು ಹಾವಿನ ವಿಷದ ಬಗ್ಗೆ ಓದಿದ ಮೇಲೆ. ಗಾಳಿಚೀಲ ಒತ್ತುತ್ತಿದ್ದಾಗ ಆ ಆಂಬ್ಯುಲೆನ್ಸಿನಲ್ಲಿ ಆಡಿದ ಒಂದೊಂದು ಮಾತೂ ಅವರ ಕಿವಿಗೆ ಬಿದ್ದಿತ್ತು. ಹಿರಿಮಗ, ‘ಇನ್ನು ಶಿವಮೊಗ್ಗಕ್ಕೆ ಒಯ್ದು ದುಡ್ಡು ದಂಡ, ತಿರುಗಿಸೋಣ’ ಅಂದಿದ್ದ. ಮೂಡಲ ಹೊಲದ ಬೇವಿನ ಮರದ ಬುಡದಲ್ಲೋ ಬದುವಿನ ಮೇಲೋ, ಮಣ್ಣು ಮಾಡುವುದೆಲ್ಲಿ ಎಂಬ ಮಾತೂ ಬಂದಿತ್ತು. ಅತ್ತಿಗೆ ಏನೂ ಅನ್ನದೆ ಕಿವಿಯ ಓಲೆ ಬಿಚ್ಚಿ ಕಿರಿಮೈದುನನ ಜೇಬಿಗೆ ಹಾಕಿದ್ದಳು. ಅದು ಕೇಳಿಸುವ ಸಂಗತಿಯಲ್ಲ. ಆದರೂ ಊರಿಗೆ ಬಂದ ಮೇಲೆ ದೊಡ್ಡಪ್ಪ ಮೊದಲು ತೀರಿಸಿದ್ದು ಸೊಸೈಟಿ ಕಂತನ್ನಲ್ಲ. ಒಂದು ಎತ್ತು ಮಾರಿ ಓಲೆ ಬಿಡಿಸಿ ತಂದರು.

ಮಗನಿಗೆ ಒಂದು ದಿನವೂ ಒಂದು ಮಾತೂ ಅಂದಿಲ್ಲ. ಕೇಳಿಸಿತ್ತೋ ಇಲ್ಲವೋ ಎಂದು ಮಗನೂ ಕೇಳಿಲ್ಲ. ‘ಅರ್ಧ ಎಡೆ’ ಎಂದಾಗ ಎದ್ದು ದನ ನೋಡಲು ಹೋಗುತ್ತಾನೆ, ಅಷ್ಟೆ.

ಆ ಗಾಡಿಯಲ್ಲಿ ನಾನೂ ಇದ್ದೆ. ತಿರುಗಿಸೋಣ ಎಂದು ಅಣ್ಣ ಅಂದಾಗ ನಾನು ಬೇಡ ಅಂದೆನೋ, ಹೂಂ ಅಂದೆನೋ, ಸುಮ್ಮನಿದ್ದೆನೋ ಎಷ್ಟು ನೆನೆದರೂ ನೆನಪಾಗುವುದಿಲ್ಲ. ಅದು ಗೊತ್ತಿರುವವರು ಒಬ್ಬರೇ.

ಬಾಗಿಲು ತೆಗೆದರು. ಲೋಬಾನದ ಹೊಗೆ ಜಗಲಿಗೆ ನುಗ್ಗಿತು. ಹಿರಿಯರು ಉಂಡು ಹೋಗಿದ್ದಾರೆ, ಇನ್ನು ನಮ್ಮ ಪಂಕ್ತಿ. ದೊಡ್ಡಪ್ಪ ನನ್ನ ಹೆಗಲಿಗೆ ಕೈಕೊಟ್ಟು ಎದ್ದರು, ಪಕ್ಕದ ಎಲೆಗೆ ಕೂರಿಸಿಕೊಂಡರು. ಹಿತ್ತಲ ಕಡೆ ನೋಡಿ ‘ಲೋ, ದನ ಎಲ್ಲೂ ಹೋಗಲ್ಲ, ಬಾರೋ ಉಣ್ಣಕ್ಕೆ’ ಎಂದು ಮಗನನ್ನು ಕೂಗಿದರು. ಆಮೇಲೆ ತಮ್ಮ ಎಲೆಯಿಂದ ಒಂದು ವಡೆ ಎತ್ತಿ ನನ್ನದಕ್ಕೆ ಹಾಕಿ, ‘ತಿನ್ನೋ, ಅವತ್ತು ಕೈ ಸೋತಿತ್ತಲ್ಲ ನಿಂದು’ ಅಂದರು.